ಪುರಾವೆ ಮೇಡಂ ಗೋಡೆಗೆ ತಿರುಗಿದ್ದು

ಕಚೇರಿಯಲ್ಲಿ ಅವಳಿಗೆ ಪುರಾವೆ ಮೇಡಂ ಎಂದೇ ಹೆಸರು. ವೆಬ್‌ಸೈಟುಗಳ ವಿನ್ಯಾಸ ಮಾಡುವುದು ಅವಳ ಕೆಲಸ. ಈ ಬಣ್ಣ ಚೆನ್ನಾಗಿದೆ ಎಂದು ಕಚೇರಿಯ ಮಾಲೀಕರು ಬಾಯಿ ತೆರೆದರೆ ಸಾಕು, ಯಾರಿಗೆ ತೋರಿಸಿ ನೋಡಿದಿರಿ ಎಂದು ಕೇಳುವಳು. ದಾರಿಹೋಕರನ್ನು ಕರೆತಂದು ಕಂಪ್ಯೂಟರಿನ ಮುಂದೆ ಕೂರಿಸಿ, ಒಂದು ಕೆಲಸ ಹೇಳಿ, ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ನೋಡುವಳು. ಮಾಲೀಕರ ಎಷ್ಟೋ ಕನಸುಗಳು ಹೀಗೆ ಮಣ್ಣುಪಾಲಾಗಿದ್ದವು.

ಕಣ್ಣಾಸ್ಪತ್ರೆಯೊಂದರ ಪುಟ ಬಂದಾಗ ಜಟಾಪಟಿ ಜೋರಾಯಿತು. ವೈದ್ಯರ ಭೇಟಿಗೆ ಸಮಯ ಕೇಳುವ ಗುಂಡಿ ನಟ್ಟನಡುವೆ, ದೊಡ್ಡದಾಗಿ ಇರಲಿ ಎಂದರು ಮಾಲೀಕರು. ಇದೇನು ಅಂಗಡಿ ಬೋರ್ಡೇ ಎಂದು ಮೂಗು ಮುರಿದ ಇವಳು ಬಲಮೂಲೆಯಲ್ಲಿ ಸಪೂರವಾದ ಹಸಿರು ಗುಂಡಿ ಇಟ್ಟಳು. ಅದರ ಮೇಲೆ ಅವಳಿಗೆ ಹೆತ್ತ ಮಮತೆ. ಪರೀಕ್ಷೆಗೆ ಕೂತವರೆಲ್ಲ ಥಟ್ಟನೆ ಅದನ್ನೇ ಒತ್ತಿದರು. ಮಾಲೀಕರು ಸೋಲೊಪ್ಪಿಕೊಂಡರು. ಪುಟ ಮರುದಿನವೇ ಹೊರಬರುವುದೆಂದಾಯಿತು.

ಆ ಸಂಜೆ ಬರಿಯ ಹೊಗಳಿಕೆಯ ಆಸೆಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಅಮ್ಮನನ್ನು ಕೂರಿಸಿ, ವೈದ್ಯರ ಭೇಟಿಗೆ ಸಮಯ ಕೇಳು ಎಂದು ಪಕ್ಕದಲ್ಲೇ ಕೂತಳು. ಅಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಇಂಥವರಿಗಾಗಿಯೇ ಅಲ್ಲವೇ ಆ ಪುಟ. ಅಮ್ಮ ಒಂದೇ ಏಟಿಗೆ ಗುಂಡಿ ಒತ್ತಿದರು. ಮಗಳು ಹಿರಿಹಿರಿ ಹಿಗ್ಗಿದಳು.

“ಗುಂಡಿ ಗಿಂಡಿ ನಂಗೇನೂ ಕಾಣ್ಲಿಲ್ಲ ಕಣೇ,” ಎಂದರು ಅಮ್ಮ. “ನಿನ್ನ ಮುಖ ಆ ಮೂಲೆಗೇ ತಿರುಗ್ತಾ ಇತ್ತು, ಅಲ್ಲಿ ಒತ್ತಿದೆ. ನೀನು ಚಿಕ್ಕವಳಿದ್ದಾಗ ಒಡೆದ ಲೋಟ ಎಲ್ಲಿ ಬಚ್ಚಿಟ್ಟಿದೀಯ ಅಂತ ಹೀಗೇ ತಾನೆ ಕಂಡುಹಿಡೀತಿದ್ದೆ?”

ಪರೀಕ್ಷೆಗೆ ಕೂತವರೂ ಹೀಗೇ ತನ್ನ ಮುಖ ನೋಡಿಯೇ ಒತ್ತಿದ್ದರೆಂದು ಮಗಳಿಗೆ ಹೊಳೆಯಿತು. ಪುರಾವೆ ಎಂದು ಎದೆಯುಬ್ಬಿಸಿ ತೋರಿಸಿದ್ದೆಲ್ಲ ಅವಳ ಕತ್ತಿನ ವಾಲಾಟವಷ್ಟೇ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಪಕ್ಕದಲ್ಲಿ ಮಗಳಿಲ್ಲದ ಎಷ್ಟೋ ಅಮ್ಮಂದಿರು ಆ ಪುಟದ ಮುಂದೆ ತಡಕಾಡುವುದು ಕಣ್ಣಿಗೆ ಕಟ್ಟಿತು. ಅವಳಿಗೆ ನಾಚಿಕೆಯಾಯಿತು.

ಬೆಳಿಗ್ಗೆ ಅಮ್ಮನನ್ನೇ ಕಚೇರಿಗೆ ಕರೆತಂದು, ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಮಾಲೀಕರಿಗೆ ಹೇಳಿದಳು. ಅವರ ಮುಖ ಊರಗಲವಾಯಿತು.

“ಹಾಗಾದ್ರೆ ನಾನು ಹೇಳಿದ್ದೇ ಸರಿ.”

“ಗೊತ್ತಿಲ್ಲ ಸರ್. ನೀವೂ ಗೋಡೆ ಕಡೆ ತಿರುಗಿ ಕೂತ್ಕೊಳ್ಳಿ.”

ಇಬ್ಬರೂ ಅಮ್ಮನಿಗೆ ಬೆನ್ನು ಹಾಕಿ, ತಂಟೆ ಮಾಡಿ ಸಿಕ್ಕಿಬಿದ್ದ ಶಾಲೆಮಕ್ಕಳಂತೆ ಕೂತರು. ಮೊದಲು ಮೂಲೆಯ ಗುಂಡಿಯ ಪುಟ. ಅಮ್ಮ ಉಸ್ಸೆಂದರು, ಗೊಣಗಿದರು. ಮೌಸ್ ಮಾತ್ರ ಸದ್ದು ಮಾಡಲಿಲ್ಲ. ಮಾಲೀಕರ ಕತ್ತು ಮೆಲ್ಲಗೆ ಹಿಂದಕ್ಕೆ ಹೊರಳತೊಡಗಿತು; ಇವಳು ಕೆಮ್ಮಿ ಎಚ್ಚರಿಸಿದಳು. ಆಮೇಲೆ ಎದ್ದು, ಮಾಲೀಕರು ಹೇಳಿದ್ದಂತೆ ನಡುವೆ ದೊಡ್ಡ ಗುಂಡಿಯಿರುವ ಪುಟ ತೆರೆದಿಟ್ಟು, ಮತ್ತೆ ಗೋಡೆಗೆ ಮುಖ ಮಾಡಿದಳು. ಹಿಂದೆ ಟಕ್ ಎಂದಿತು.

“ಸಿಕ್ತು,” ಎಂದರು ಅಮ್ಮ. “ಇದು ಚೆನ್ನಾಗಿದೆ. ಇದನ್ನ ಮಾಡಿದ್ದು ನೀನೇ ಅಲ್ವೇನೇ?”

ಗೋಡೆಯಿಂದ ಮುಖ ತಿರುಗಿಸದೆಯೇ ಅವಳು ಮಾಲೀಕರತ್ತ ಬೆರಳು ತೋರಿಸಿದಳು.