ಹದಿನಾರು ಕನಸುಗಳ ಗೋಡೆ

ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಬಿ.ಸಿ. ರೋಡಿನಲ್ಲಿ ಧರ್ಮಸ್ಥಳದ ಬಸ್ಸು ಹತ್ತಿದೆ. ಸರಕಾರಿ ಬಸ್ಸು, ಆಧಾರ್ ಕಾರ್ಡ್ ತೋರಿಸಿದ್ದಕ್ಕೆ ಕಂಡಕ್ಟರ್ ದುಡ್ಡಿಲ್ಲದ ಟಿಕೆಟ್ ಹರಿದು ಕೊಟ್ಟರು. ಕೂರಲು ಜಾಗ ಸಿಕ್ಕಿದ್ದು ಪುಂಜಾಲಕಟ್ಟೆ ದಾಟಿದ ಮೇಲೆ. ರಸ್ತೆ ಅಗಲ ಮಾಡಲು ಬದಿಯ ಗುಡ್ಡಗಳನ್ನು ಕಡಿದಿದ್ದರು. ಕಿಟಕಿ ತೆರೆದರೆ ಕೆಂಪು ಧೂಳು, ಮುಚ್ಚಿದರೆ ಬೆವರು. ನಾನು ತೆರೆದೇ ಇಟ್ಟೆ. ಆ ಹೊತ್ತಿನಲ್ಲಿ ನನಗೆ ಯಾವುದರ ಮೇಲೂ ಸಿಟ್ಟಿರಲಿಲ್ಲ.

ನಾನು ಹೊರಟಿದ್ದು ಒಂದು ಗೋಡೆ ನೋಡಲು. ಬೆಳ್ತಂಗಡಿ ತಾಲೂಕಿನ ಒಂದು ಹಳ್ಳಿಯಲ್ಲಿ ಸಣ್ಣ ಬಸದಿಯಿದೆ. ಮಂಗಳೂರಿನಲ್ಲಿ ಚಿತ್ರಕಲೆಯ ಪದವಿ ಓದುತ್ತಿದ್ದಾಗ, ಎರಡನೆಯ ವರ್ಷದಲ್ಲಿ, ನಮ್ಮ ಸುಧಾಕರ ಸರ್ ಇಡೀ ತರಗತಿಯನ್ನು ಅಲ್ಲಿಗೆ ಕರೆದೊಯ್ದಿದ್ದರು. ಬೆಳಿಗ್ಗೆ ಸ್ಟುಡಿಯೋದಲ್ಲಿ ಬಣ್ಣ ಕಲಿಸುತ್ತಿದ್ದವರೂ ಅವರೇ, ಮಧ್ಯಾಹ್ನ ಕಲಾ ಇತಿಹಾಸ ಹೇಳುತ್ತಿದ್ದವರೂ ಅವರೇ. ಬಸದಿಯ ಮುಂದಿನ ಮಂಟಪದ ಗೋಡೆಯ ಮೇಲೆ ತೀರ್ಥಂಕರರ ತಾಯಿ ನಿದ್ದೆ ಹೋಗಿದ್ದಳು. ಸುತ್ತ ಅವಳು ಕಂಡ ಹದಿನಾರು ಕನಸುಗಳು. ಆನೆ, ಎತ್ತು, ಸಿಂಹ, ಚಂದ್ರ, ಹೊಗೆಯಿಲ್ಲದ ಬೆಂಕಿ. ಕೆಮ್ಮಣ್ಣು, ದೀಪದ ಮಸಿ, ಸುಣ್ಣ, ಅಷ್ಟೇ ಬಣ್ಣ. ಜೋಡಿ ಮೀನಿನ ಕನಸಿನಲ್ಲಿ ಬರೆದದ್ದು ನಮ್ಮ ಕಡಲಿನ ಕಾಣೆ ಮೀನು, ಅದೇ ಉದ್ದ ಮೂತಿ, ಅದೇ ಬಳುಕು. "ಬರೆದವ ಮೀನು ತಿನ್ನದವನೇ ಇರಬಹುದು, ಆದ್ರೆ ನೋಡದವನಲ್ಲ" ಎಂದು ಸರ್ ನಕ್ಕಿದ್ದರು. ಆಮೇಲೆ ದನಿ ತಗ್ಗಿಸಿ, "ಫೋನ್ ಒಳಗಿಡಿ. ಹತ್ತಿರ ಹೋಗಿ ಮಾತಾಡ್ಬೇಡಿ, ಉಸಿರು ತಾಗ್ತದೆ ಗೋಡೆಗೆ" ಎಂದಿದ್ದರು.

ಪಾಣೆಮಂಗಳೂರಿನ ಬ್ಯಾರಿ ಮುಸ್ಲಿಮರ ಮನೆಯ ಹುಡುಗಿ ನಾನು. ಚಿತ್ರ ಬರೆಯುವುದು ಓದಾಗುತ್ತದೆ ಎಂಬುದನ್ನೇ ಮನೆಯಲ್ಲಿ ನಂಬಿಸಲು ಒಂದು ವರ್ಷ ಹಿಡಿದಿತ್ತು. ಆ ಗೋಡೆಯ ಮುಂದೆ ಕೂತ ದಿನ ಇದನ್ನೇ ಓದಬೇಕು ಎಂದು ನಿಶ್ಚಯಿಸಿದೆ. ಈಗ ಮೈಸೂರಿನಲ್ಲಿ ಕಲಾ ಇತಿಹಾಸದ ಎಂ.ಎ. ಮಾಡುತ್ತಿದ್ದೇನೆ. ಪ್ರಬಂಧಕ್ಕೆ ಆ ಗೋಡೆಯನ್ನೇ ಆರಿಸಿದ್ದೆ. "ಯಾರೂ ಮುಟ್ಟದ ವಿಷಯ, ಬಿಡಬೇಡ" ಎಂದು ಮಾರ್ಗದರ್ಶಕಿ ಮೇಡಂ ಬೆನ್ನು ತಟ್ಟಿದ್ದರು. ಅಂದು ಬರೆದುಕೊಂಡ ಸ್ಕೆಚ್‌ಗಳನ್ನು ಕಾಲೇಜಿಗೆ ಸಲ್ಲಿಸಿದ್ದೆ. ನಾವು ಹೊರಬಿದ್ದ ಮರುವರ್ಷ ಮಕ್ಕಳು ಸೇರಲಿಲ್ಲವೆಂದು ವಿಭಾಗವನ್ನೇ ಮುಚ್ಚಿದರು. ಕೋಣೆ ಖಾಲಿ ಮಾಡಿದವರು ನಮ್ಮ ಕಾಗದವನ್ನೆಲ್ಲ ಗುಜರಿಗೆ ಹಾಕಿದರಂತೆ. ಹಾಗಾಗಿ ಕ್ಯಾಮೆರಾ, ಅಳತೆಯ ಟೇಪು ಹಿಡಿದು ಹೊರಟಿದ್ದೆ.

ಬೆಳ್ತಂಗಡಿಯಲ್ಲಿ ಇಳಿದು ಬನ್ಸ್ ತಿಂದು ಚಹಾ ಕುಡಿದೆ. ಹಳ್ಳಿಗೆ ಬಸ್ಸು ಮಧ್ಯಾಹ್ನವೇ ಅಂದರು. ರಿಕ್ಷಾ ಹಿಡಿದೆ. ದಾರಿಯುದ್ದಕ್ಕೂ ರಬ್ಬರ್ ತೋಟ, ಹಾಲು ಹಿಡಿಯಲು ಮರಮರಕ್ಕೂ ಕಟ್ಟಿದ ತೆಂಗಿನ ಗೆರಟೆ. ಬಸದಿಗೆ ಎಂದು ಕೇಳಿದ್ದೇ ಚಾಲಕ ಹುರುಪಿನಿಂದ ಹೇಳಿದ: "ಈಗ ಭಾರೀ ಲಾಯ್ಕ್ ಮಾಡಿದ್ದಾರೆ ಅಕ್ಕ. ಮೊದ್ಲು ನೋಡಿದವರಿಗೆ ಗುರ್ತೇ ಸಿಗ್ಲಿಕ್ಕಿಲ್ಲ."

ಅಂಗಳಕ್ಕೆ ಹೊಸ ಇಂಟರ್‌ಲಾಕ್ ಕಲ್ಲು ಹಾಸಿತ್ತು. ಚಪ್ಪಲಿ ಕಳಚಿದರೆ ಕಾಲು ಸುಡುತ್ತಿತ್ತು. ಮಂಟಪದ ಮೆಟ್ಟಿಲು ಹತ್ತುವಾಗಲೇ ನೀಲಿ ಬಣ್ಣ ಕಂಡಿತು. ನೆರಳು ಬಿದ್ದು ಕಾಣುವ ನೀಲಿಯಲ್ಲ, ಬಸ್ಸಿಗೆ ಬಳಿಯುವಂಥ ನೀಲಿ. ತಾಯಿ ಇದ್ದಳು, ಅದೇ ಜಾಗದಲ್ಲಿ, ಅದೇ ಮಗ್ಗುಲಲ್ಲಿ. ಆದರೆ ಕ್ಯಾಲೆಂಡರಿನ ದೇವತೆಯ ಹಾಗೆ ಗುಲಾಬಿ ಕೆನ್ನೆ, ತುಟಿಗೆ ಕೆಂಪು, ಮೈಮೇಲೆ ಮಿರುಗುವ ಹಳದಿ ಸೀರೆ. ಆನೆಗೆ ಬಿಳಿ ಎನಾಮೆಲ್. ಜೋಡಿ ಮೀನಿನ ಜಾಗದಲ್ಲಿ ಗಾಜಿನ ತೊಟ್ಟಿಯಲ್ಲಿ ಸಾಕುವ ಕಿತ್ತಳೆ ಬಣ್ಣದ ಮೀನುಗಳು, ಬಾಲ ಬೀಸಣಿಗೆಯಂತೆ ಹರಡಿಕೊಂಡಿದ್ದವು. ನಾನು ಎಷ್ಟು ಹೊತ್ತು ನಿಂತಿದ್ದೆನೋ. ಬ್ಯಾಗಿನಿಂದ ಕ್ಯಾಮೆರಾ ತೆಗೆಯಲಿಲ್ಲ.

"ನೀವು ಆ ಬ್ಯಾರಿ ಹುಡುಗಿ ಅಲ್ವಾ? ಅಂದು ಊಟಕ್ಕೆ ಕರೆದ್ರೂ ಏಳದೆ ಬಿಡಿಸ್ತಾ ಕೂತದ್ದು?"

ಬಸದಿಯ ಉಸ್ತುವಾರಿ ನೋಡುವ ಪದ್ಮರಾಜಣ್ಣ. ಅರುವತ್ತು ದಾಟಿದವರು, ಪಕ್ಕದ ಮನೆಯೇ ಅವರದು. ಜಗಲಿಗೆ ಕರೆದು ಬೆಲ್ಲ, ನೀರು ಕೊಟ್ಟರು. ನನ್ನ ಮುಖ ನೋಡಿ ಬಿಸಿಲಿನ ಆಯಾಸ ಅಂದುಕೊಂಡರು.

"ಹೇಗುಂಟು? ಒಳ್ಳೆ ಆಗಿದೆ ಅಲ್ವಾ?"

"ಹಳೆಯದು ಯಾಕೆ ಬೇಡವಾಯಿತು ಪದ್ಮರಾಜಣ್ಣ?"

ಅವರು ನನ್ನನ್ನು ಒಮ್ಮೆ ನೋಡಿ ಲೋಟ ಕೆಳಗಿಟ್ಟರು. "ಬೇಡ ಅಂತ ಅಲ್ಲ ಮಗಾ. ಮಳೆಗಾಲದಲ್ಲಿ ಗೋಡೆ ನೀರು ಕುಡೀತಿತ್ತು. ಪ್ರತಿ ವರ್ಷ ಚಕ್ಕೆ ಬೀಳ್ತಿತ್ತು. ಯಾರ್ಯಾರಿಗೋ ಅರ್ಜಿ ಹಾಕಿದ್ವಿ, ಒಬ್ಬರೂ ಬರ್ಲಿಲ್ಲ. ನೀವು ಕಾಲೇಜಿನವರು ಬಂದ್ರಿ, ಚಂದ ಉಂಟು ಅಂದ್ರಿ, ಹೋದ್ರಿ. ಪೂಜೆಗೆ ಬಂದ ಜನ ಎಂತ ಇದು ಮಸಿ ಹಿಡಿದ ಗೋಡೆ ಅಂತ ಕೇಳ್ತಾರೆ. ನಾನು ಎಂತ ಹೇಳ್ಲಿ?"

ನಾವು ಹೋಗಿದ್ದು ನಿಜ.

"ಮತ್ತೆ ಸಿಕ್ಕಿದವರ ಕೈಯಲ್ಲಿ ಮಾಡಿಸಿದ್ದಲ್ಲ" ಎಂದು ಅವರೇ ಮುಂದುವರಿಸಿದರು. "ಅದರ ಬೆಲೆ ಗೊತ್ತಿದ್ದವರೇ ಮಾಡಿದ್ದು. ನಿಮ್ಮ ಮಾಷ್ಟ್ರೇ ಅಲ್ವಾ! ಸುಧಾಕರರು. ನಿಮಗೆ ಹೇಳ್ಲಿಲ್ವಾ ಅವರು?"

ಬಾಯಿಯಲ್ಲಿದ್ದ ಬೆಲ್ಲ ಕರಗಲೂ ಇಲ್ಲ, ಇಳಿಯಲೂ ಇಲ್ಲ.

ಸ್ವಲ್ಪ ಸುಧಾರಿಸಿಕೊಂಡು ಕೇಳಿದೆ: "ಹಳೆಯದು ಅಡಿಯಲ್ಲಿ ಹಾಗೇ ಉಂಟಾ?"

"ಅದು ನಂಗೆ ಗೊತ್ತಿಲ್ಲ. ಕೆಲಸ ಆಗುವಾಗ ಧೂಳು ಬರ್ತದೆ ಅಂತ ಟಾರ್ಪಾಲ್ ಕಟ್ಟಿದ್ರು. ಅವರನ್ನೇ ಕೇಳಿ, ಮೂಡುಬಿದಿರೆ ಹತ್ತಿರ ತೋಡಾರಿನಲ್ಲಿ ಇದ್ದಾರೆ."

ಧೂಳು ಎಂಬ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಳಿದ ಬಣ್ಣವನ್ನು ಪದರ ಪದರವಾಗಿ ಬಿಡಿಸಿ ಅಡಿಯ ಚಿತ್ರವನ್ನು ಉಳಿಸುವ ವಿದ್ಯೆಯಿದೆ. ಅದನ್ನು ನಮಗೆ ಪಾಠ ಮಾಡಿದ್ದು ಅದೇ ಸರ್. ಅವರು ತಿಳಿದೇ ಮಾಡಿರುತ್ತಾರೆ, ಮುಂದೆ ಯಾರಾದರೂ ತೆಗೆಯಲಿ ಎಂದು ಹಳೆಯದರ ಮೇಲೆ ತೆಳುವಾಗಿ ಬಳಿದಿರುತ್ತಾರೆ ಎಂದುಕೊಂಡೆ. ಮನೆಗೆ ಮರಳಬೇಕಾದವಳು ಗುರುವಾಯನಕೆರೆಗೆ ಬಂದು ಮೂಡುಬಿದಿರೆಯ ಖಾಸಗಿ ಬಸ್ಸು ಹತ್ತಿದೆ. ಟಿಕೆಟ್ ಐವತ್ತೈದು ರೂಪಾಯಿ. ವೇಣೂರಿನಲ್ಲಿ ಮದುವೆಗೆ ಹೊರಟ ಹೆಂಗಸರು ತುಂಬಿಕೊಂಡರು. ಮಲ್ಲಿಗೆಯ ವಾಸನೆ, ತುಳುವಿನಲ್ಲಿ ತಮಾಷೆ. ಒಬ್ಬಾಕೆ ತನ್ನ ಮಗುವನ್ನು ಕೇಳದೆಯೇ ನನ್ನ ಮಡಿಲಲ್ಲಿ ಕೂರಿಸಿದಳು. ಮೂಡುಬಿದಿರೆ ಬರುವವರೆಗೂ ಆ ಮಗು ನನ್ನ ಹೆಬ್ಬೆರಳು ಹಿಡಿದು ನಿದ್ದೆ ಮಾಡಿತು. ಅಷ್ಟು ಹೊತ್ತು ನನಗೂ ಎಲ್ಲ ಸರಿಹೋಗಬಹುದು ಎಂದೇ ಅನ್ನಿಸುತ್ತಿತ್ತು.

ಮೂಡುಬಿದಿರೆಯಲ್ಲಿ ಊಟ ಮಾಡಿದೆ: ಕುಚ್ಚಲಕ್ಕಿ ಅನ್ನ, ಸಾರು, ತೊಂಡೆಕಾಯಿ ಪಲ್ಯ. ಸಾವಿರ ಕಂಬದ ಬಸದಿಗೆ ಹೋಗುವ ಪ್ರವಾಸಿಗಳು ಎದುರಿನ ರಸ್ತೆಯಲ್ಲಿ ಛತ್ರಿ ಹಿಡಿದು ಸಾಗುತ್ತಿದ್ದರು. ಬೇರೆ ದಿನವಾದರೆ ನಾನೂ ಹೋಗುತ್ತಿದ್ದೆ.

ತೋಡಾರು ಅಲ್ಲಿಂದ ಮಂಗಳೂರು ರಸ್ತೆಯಲ್ಲಿ ಸ್ವಲ್ಪವೇ ದೂರ. ಸುಧಾಕರ ಸರ್ ಮನೆಯನ್ನು ಕೇಳಿದರೆ ಅಂಗಡಿಯವರು "ಆ ಸ್ಟೇಜ್ ಡೆಕೊರೇಷನ್‌ನವರದಾ?" ಎಂದರು. ಮನೆಯ ಪಕ್ಕ ತಗಡಿನ ಚಾವಣಿಯ ಶೆಡ್ಡು. ಒಳಗೆ ಥರ್ಮೋಕೋಲಿನ ಕಮಾನು, ಮದುವೆ ಮಂಟಪಕ್ಕೆ ಮಾಡಿದ ಎರಡು ನವಿಲು. ಸರ್ ಲುಂಗಿ ಉಟ್ಟು ನೆಲದಲ್ಲಿ ಕೂತು ನವಿಲಿನ ಕೊರಳಿಗೆ ಬಣ್ಣ ಹಚ್ಚುತ್ತಿದ್ದರು. ತಲೆಗೂದಲು ಅರ್ಧ ಬೆಳ್ಳಗಾಗಿತ್ತು.

"ಶಮೀಮಾ! ಎಂತ ಮಾರಾಯ್ತಿ, ಹೇಳದೆ ಕೇಳದೆ?" ಎಂದು ಎದ್ದು ಸ್ಟೂಲು ಒರೆಸಿದರು. ಅವರ ಸಂತೋಷ ನಿಜವಾದದ್ದು. ಅದೇ ನನಗೆ ಕಷ್ಟವಾಯಿತು.

"ಬಸದಿಗೆ ಹೋಗಿದ್ದೆ ಸರ್."

ಅವರು ಬ್ರಷ್ಷನ್ನು ಡಬ್ಬಿಯಲ್ಲಿ ಅದ್ದಿಟ್ಟರು.

"ನೋಡಿದೆಯಾ?"

"ನೋಡಿದೆ. ಅಡಿಯಲ್ಲಿ ಹಳೆಯದು ಉಂಟಲ್ಲ ಸರ್? ನೀವು ಮೇಲಿಂದ ಮಾತ್ರ ಬಳಿದದ್ದಲ್ಲ?"

"ಇಲ್ಲ."

"ಸ್ವಲ್ಪವೂ?"

"ಎನಾಮೆಲ್ ನಿಲ್ಬೇಕಾದ್ರೆ ಪುಟ್ಟಿ ಹಿಡೀಬೇಕು. ಪುಟ್ಟಿ ಹಿಡೀಬೇಕಾದ್ರೆ ಗೋಡೆ ಕೆರೀಬೇಕು. ಕೆರೆದೆ." ದನಿ ತರಗತಿಯಲ್ಲಿ ಪಾಠ ಮಾಡುವಾಗಿನ ಹಾಗೆಯೇ ಇತ್ತು, ಒಂದಾದ ಮೇಲೊಂದು ಮೆಟ್ಟಿಲು. "ಕೆಲಸದವರ ಕೈಗೆ ಕೊಡ್ಲಿಲ್ಲ. ನಾನೇ ಕೆರೆದದ್ದು."

"ಫೋಟೋ ತೆಗೆದಿದ್ದೀರಾ?"

"ಇಲ್ಲ."

"ಒಂದೂ ಇಲ್ವಾ ಸರ್?"

"ಫೋಟೋ ತೆಗೀಲಿಕ್ಕೆ ನಿಂತಿದ್ರೆ ನೋಡ್ಬೇಕಾಗ್ತಿತ್ತು. ನೋಡಿದ್ರೆ ಕೆರೀಲಿಕ್ಕೆ ಕೈ ಬರ್ತಿರ್ಲಿಲ್ಲ."

ಅಲ್ಲಿಯವರೆಗೆ ತಡೆದದ್ದು ಅಲ್ಲಿ ಹೊರಬಂತು. ನೀವೇ ಅಲ್ವಾ ಉಸಿರು ತಾಗ್ತದೆ ಅಂದದ್ದು, ನೀವೇ ಅಲ್ವಾ ಆ ಮೀನು ತೋರಿಸಿದ್ದು, ನೀವೇ ಅದರ ಮೇಲೆ ಆ ಅಕ್ವೇರಿಯಂ ಮೀನು ಬರೆದದ್ದಾ ಎಂದು ಕೇಳಿದೆ. ಕಿರುಚಿದೆ ಎಂದರೂ ತಪ್ಪಿಲ್ಲ. ಮನೆಯೊಳಗಿಂದ ಅವರ ಹೆಂಡತಿ ಬಾಗಿಲಿಗೆ ಬಂದು ನಿಂತು, ಹಾಗೇ ಒಳಗೆ ಹೋದರು.

"ಕಾಣೆ ಮೀನೇ ಬರೆದಿದ್ದೆ ಮೊದ್ಲು" ಎಂದರು ಸರ್ ಮೆಲ್ಲಗೆ. "ಕಮಿಟಿಯವರಿಗೆ ಸರಿ ಕಾಣ್ಲಿಲ್ಲ. ಮಾರ್ಕೆಟಿನ ಮೀನಿನ ಹಾಗುಂಟು, ಬಸದಿಗೆ ಆಗುದಿಲ್ಲ ಅಂದ್ರು. ಅಳಿಸಿದೆ." ಆಮೇಲೆ ನನ್ನನ್ನು ನೇರ ನೋಡಿದರು. "ಕಾಲೇಜು ಬಿಡಿಸಿದ ಮೇಲೆ ನಾನು ಎಂತ ಮಾಡ್ತಿದ್ದೆ ಅಂತ ನಿಮ್ಮ ತರಗತಿಯ ಯಾರಾದ್ರೂ ಕೇಳಿದ್ದಾರಾ? ನಾನು ಒಪ್ಪದಿದ್ರೆ ಅವರು ಟೈಲ್ಸ್ ಹಾಕ್ತಿದ್ರು. ಟೈಲ್ಸಿನವ ಅಳತೆ ತೆಗೊಂಡು ಹೋಗಿಯೂ ಆಗಿತ್ತು. ಇದಾದ್ರೆ ತಾಯಿ ಮಲಗಿದ ಮಗ್ಗುಲಾದ್ರೂ ಉಳೀತಲ್ಲ."

ಇದು ನಿಜವೋ, ತನಗೆ ತಾನೇ ಹೇಳಿಕೊಂಡ ಸಮಾಧಾನವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಎರಡೂ ಇರಬಹುದು. ಚಹಾ ಬಂತು. ನಾನು ಕುಡಿಯಲಿಲ್ಲ. ಏಳುವಾಗ ಸರ್ ಇನ್ನೊಂದು ಮಾತು ಹೇಳಿದರು.

"ಮಳೆಗಾಲದ ಮೊದ್ಲು ಬೇರೆ ಕಡೆ ಒಂದು ಕೆಲಸ ಉಂಟು. ಇದೇ ತರದ್ದು. ಮುಖ ಬರೀಲಿಕ್ಕೆ ನನ್ನ ಕೈ ಈಗ ನಡುಗ್ತದೆ. ನಿನ್ನಷ್ಟು ಒಳ್ಳೆ ಮುಖ ಬರೆಯುವವರು ನಮ್ಮ ಕಾಲೇಜಿನಲ್ಲಿ ಬೇರೆ ಯಾರೂ ಇರ್ಲಿಲ್ಲ. ಬರ್ತೀಯಾ?"

ನಾಲ್ಕು ವರ್ಷ ಆ ಬಾಯಿಂದ ಆ ಹೊಗಳಿಕೆಗಾಗಿ ಕಾದಿದ್ದೆ.

"ಅಲ್ಲಿಯೂ ಹಳೆಯದು ಉಂಟಾ ಸರ್?"

ಅವರು ನವಿಲಿನ ಕಡೆ ತಿರುಗಿದರು. ನಾನು ಹೋಗಿ ಬರುತ್ತೇನೆ ಎಂದು ಕೂಡ ಹೇಳದೆ ರಸ್ತೆಗೆ ಇಳಿದೆ.

ಮೂಡುಬಿದಿರೆಗೆ ಹಿಂತಿರುಗಿ, ಸಿದ್ಧಕಟ್ಟೆ ದಾರಿಯ ಬಸ್ಸಿಗೆ ಕಾಯುತ್ತ ಮೇಡಂಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅವರು ಛೇ ಛೇ ಎಂದರು. ಆಮೇಲೆ ಹೇಳಿದರು, "ಇರಲಿ ಬಿಡು, ಬೇರೆ ವಿಷಯ ತಗೋ. ಬೇಲೂರು, ಹಳೇಬೀಡು, ಬೇಕಾದಷ್ಟು ಪುಸ್ತಕ ಸಿಗುತ್ತೆ."

"ಮೇಡಂ, ಈ ಅಳಿದದ್ದನ್ನೇ ಬರೀತೇನೆ. ಗೋಡೆ ಹೇಗಿತ್ತು, ಯಾಕೆ ಹೋಯಿತು, ಯಾರು ಕೆರೆದರು, ನಾವು ಯಾಕೆ ಸುಮ್ಮನಿದ್ದೆವು. ಅದೂ ಕಲಾ ಇತಿಹಾಸವೇ ಅಲ್ವಾ?"

"ಬರೀಬಹುದು. ಬೇರೆಯವರಾಗಿದ್ದರೆ ನಾನೇ ಬರೀ ಅಂತಿದ್ದೆ" ಎಂದರು. "ನಿನ್ನ ಹೆಸರು ಹಾಕಿ ಇದನ್ನು ಬರೆದರೆ ಯಾರೂ ಗೋಡೆಯನ್ನ ನೋಡೋದಿಲ್ಲ ಶಮೀಮಾ. ಹೆಸರನ್ನೇ ನೋಡುತ್ತಾರೆ. ನಿನ್ನ ಒಳ್ಳೆಯದಕ್ಕೇ ಹೇಳ್ತಿದೀನಿ."

ಅವರು ಕೆಟ್ಟವರಲ್ಲ. ಹೇಳಿದ್ದೂ ಸುಳ್ಳಲ್ಲ. ಪದ್ಮರಾಜಣ್ಣ ಬೆಲ್ಲ ಕೊಡುವಾಗ ನನ್ನ ಹೆಸರು ಅಡ್ಡ ಬಂದಿರಲಿಲ್ಲ. ಆ ಗೋಡೆಯ ಮುಂದೆ ಇಡೀ ದಿನ ಕೂತಾಗಲೂ ಬಂದಿರಲಿಲ್ಲ. ದುಃಖವನ್ನು ಬರೆಯುತ್ತೇನೆ ಎಂದಾಗ ಬಂತು. ಆಯಿತು ಮೇಡಂ ಎಂದು ಫೋನ್ ಇಟ್ಟೆ. ಅದೇ ವಾರ ವಿಷಯ ಬದಲಿಸಿದೆ. ಈಗ ಹೊಯ್ಸಳರ ಕಾಲದ ಆಭರಣಗಳ ಮೇಲೆ ಬರೆಯುತ್ತಿದ್ದೇನೆ. ಪುಸ್ತಕಗಳು ನಿಜಕ್ಕೂ ಬೇಕಾದಷ್ಟಿವೆ.

ಅಂದು ಸಿದ್ಧಕಟ್ಟೆ ಹತ್ತಿರ ಗುಡುಗಿತು, ಮಳೆ ಬರಲಿಲ್ಲ. ಬಸ್ಸಿನಲ್ಲಿ ಜನ ಕಡಿಮೆಯಿದ್ದರು. ಕಂಡಕ್ಟರ್ ಟಿಕೆಟ್ಟಿನ ಚಿಲ್ಲರೆ ಕೊಡಲು ಬಂದಾಗ ನಾನು ಅಳುತ್ತಿರುವುದನ್ನು ಕಂಡು, ಚಿಲ್ಲರೆಯನ್ನು ಕೈಗಿಟ್ಟು ಹಿಂದಿನ ಸೀಟಿಗೆ ಹೋದರು. ಬಂಟ್ವಾಳ ಪೇಟೆ ದಾಟುವಾಗ ಮುಖ ಒರೆಸಿಕೊಂಡೆ.

ಮನೆ ತಲುಪಿದಾಗ ಉಮ್ಮ ಅಂಗಳದಲ್ಲಿ ಒಣಹಾಕಿದ ಹಪ್ಪಳ ತೆಗೆಯುತ್ತಿದ್ದರು.

"ಸಿಕ್ಕಿತಾ ನಿನ್ನ ಗೋಡೆ?"

"ಸಿಕ್ಕಿತು."

"ಹೇಗುಂಟು?"

"ಹೊಸತು ಮಾಡಿದ್ದಾರೆ ಉಮ್ಮಾ."

"ಒಳ್ಳೇದಾಯ್ತಲ್ಲ. ಅವತ್ತೇ ನೀನು ಬೀಳ್ತದೆ ಬೀಳ್ತದೆ ಅಂತ ಇದ್ದಿ" ಎಂದು ಉಮ್ಮ ಹಪ್ಪಳದ ಚಾಪೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ನಾನು ಹಿಡಿದುಕೊಂಡೆ.