ಬೇಸಿಗೆಯಲ್ಲಿ ಮಾತ್ರ ತೋರಿಸಿದ ತವರು

ನನ್ನ ತವರುಮನೆಯನ್ನು ನಮ್ಮ ಯಜಮಾನರು ಬೇಸಿಗೆಯಲ್ಲಿ ಮಾತ್ರ ನೋಡಿದ್ದರು. ಮದುವೆಯಾಗಿ ಧಾರವಾಡಕ್ಕೆ ಬಂದಾಗಿನಿಂದ ಮಳೆಗಾಲದಲ್ಲಿ ನಾನೊಬ್ಬಳೇ ಘಟ್ಟ ಇಳಿಯುತ್ತಿದ್ದೆ. ಅವರು ತಾವೂ ಬರುತ್ತೇನೆಂದರೆ ದಾರಿ ಕೆಟ್ಟಿದೆ, ನಿಮಗೆ ನೆಗಡಿಯಾಗುತ್ತದೆ ಎಂದು ಏನೋ ಒಂದು ಹೇಳಿ ತಪ್ಪಿಸುತ್ತಿದ್ದೆ.

ತವರು ಇರುವುದು ಕರಾವಳಿಯಲ್ಲಿ, ಹೊಳೆ ಸಮುದ್ರ ಸೇರುವಲ್ಲಿಯ ಒಂದು ಓಣಿಯಲ್ಲಿ. ದೊಡ್ಡ ಮಳೆ ಮತ್ತು ದೊಡ್ಡ ಉಬ್ಬರ ಒಟ್ಟಿಗೆ ಬಂದರೆ ಉಪ್ಪುನೀರು ಹೊಸ್ತಿಲು ದಾಟುತ್ತದೆ. ಚಿಕ್ಕಂದಿನಲ್ಲಿ ಕಾನ್ವೆಂಟಿನ ಗೇಟಿನೊಳಗಿನ ನಲ್ಲಿಯಲ್ಲಿ ಬೂಟು ತೊಳೆದುಕೊಂಡೇ ತರಗತಿಗೆ ಹೋಗುತ್ತಿದ್ದೆ. ಬೂಟು ತೊಳೆದರೂ ಕಾಲುಚೀಲದಲ್ಲಿ ಕೆಸರಿನ ವಾಸನೆ ಉಳಿಯುತ್ತಿತ್ತು. ಪಕ್ಕದ ಹುಡುಗಿ ಮೂಗಿಗೆ ಕರವಸ್ತ್ರ ಹಿಡಿದರೆ ಅವಳಿಗೆ ನೆಗಡಿ ಎಂದೇ ನಂಬಿಕೊಳ್ಳುತ್ತಿದ್ದೆ. ನೀರು ಇಳಿದ ಮೇಲೆ ಗೋಡೆಯ ಮೇಲೆ ಬಿಳಿಯ ಉಪ್ಪಿನ ಗೆರೆ ಉಳಿಯುತ್ತಿತ್ತು. ಚೌತಿಗೆ ಮುಂಚೆ ಸುಣ್ಣ ಬಳಿದು ಎಲ್ಲ ಮನೆಯವರೂ ಅದನ್ನು ಮುಚ್ಚಿಬಿಡುತ್ತಿದ್ದರು. ನೀರು ಬರುವ ಮನೆಗೆ ಹೆಣ್ಣು ಯಾರು ಕೊಡುತ್ತಾರೆ, ನೀರು ಬರುವ ಮನೆಯಿಂದ ಹೆಣ್ಣು ಯಾರು ತರುತ್ತಾರೆ?

ಈಚೆಗೆ ಕರಾವಳಿಯ ಪ್ರವಾಹದ ನಕ್ಷೆಗಳನ್ನು ಹೊಸದಾಗಿ ಒಂದುಗೂಡಿಸುವ ಕೆಲಸ ಯಜಮಾನರ ಕಚೇರಿಗೆ ಬಂತು. ನೀರು ತಡೆಯುವ ಒಡ್ಡನ್ನು ಎಲ್ಲಿಯವರೆಗೆ ಕಟ್ಟಬೇಕೆಂಬುದು ಆ ನಕ್ಷೆಯ ಮೇಲೇ ತೀರ್ಮಾನವಾಗಬೇಕಿತ್ತು. ಬಂದರಿನವರ ಹತ್ತಿರ ಒಂದು ನಕ್ಷೆ, ನೀರಾವರಿಯವರ ಹತ್ತಿರ ಒಂದು, ಭೂಮಾಪನದವರ ಹತ್ತಿರ ಇನ್ನೊಂದು. ಮೂರೂ ಒಂದೇ ಹೊಳೆಯವು, ಒಂದಕ್ಕೊಂದು ಹೊಂದುತ್ತಿರಲಿಲ್ಲ. ಸಭೆ ತಂತಮ್ಮ ಕಚೇರಿಯಲ್ಲೇ ಆಗಲಿ ಎಂದು ಮೂವರೂ ಪಟ್ಟು ಹಿಡಿದಿದ್ದರಂತೆ. ಕೊನೆಗೆ ಯಜಮಾನರು, "ಹಂಗಾರ ನಮ್ಮ ಮನಿಗೆ ಊಟಕ್ಕ ಬರ್ರಿ. ಅಲ್ಲಿ ಯಾರದೂ ಕುರ್ಚಿ ಇಲ್ಲ" ಎಂದರಂತೆ. ಹೀಗೆ ಮಾಳಮಡ್ಡಿಯ ನಮ್ಮ ಊಟದ ಮೇಜಿನ ಮೇಲೆ ಮೂರು ನಕ್ಷೆಗಳು ಬಂದವು. ಸುರುಳಿ ಸುತ್ತಿಕೊಳ್ಳಬಾರದೆಂದು ಒಂದು ಮೂಲೆಗೆ ಶೇಂಗಾ ಚಟ್ನಿಯ ಬಟ್ಟಲು ಇಟ್ಟಿದ್ದರು.

ಅದಕ್ಕೆ ಕೆಲವು ವಾರ ಮೊದಲೇ ನನ್ನ ಅಣ್ಣ ಫೋನ್ ಮಾಡಿದ್ದ. "ನೀರಾವರಿಯವರು ಓಣಿಗೆ ಬಂದಿದ್ರು, ನೀರು ಬರ್ತದಾ ಕೇಳೂಕೆ. ಇಲ್ಲ ಅಂದೆ. ಎಲ್ಲಾರೂ ಇಲ್ಲ ಅಂದ್ರು. ಹುಬ್ಬಳ್ಳಿ ಸಂಬಂಧ ನಡೀತಾ ಇದೆ ಅಲ್ವಾ? ನೀನೂ ಬಾಯಿ ಬಿಡಬೇಡ ತಂಗಿ." ದೋಣಿಯ ಎಂಜಿನ್ ರಿಪೇರಿ ಮಾಡುವ ಅವನ ಮಗನಿಗೆ ಹುಬ್ಬಳ್ಳಿಯ ಹುಡುಗಿಯನ್ನು ನೋಡಿದ್ದು ನಾನೇ.

ರೊಟ್ಟಿ ಬಡಿಸುತ್ತ ಅವರ ಮಾತು ಕೇಳುತ್ತಿದ್ದೆ. ಬಂದರಿನಿಂದ ಬಂದಿದ್ದ ಮೇಡಂ ಎತ್ತರವನ್ನು ಸಮುದ್ರ ಪೂರ್ತಿ ಇಳಿದ ಮಟ್ಟದಿಂದ ಎಣಿಸುತ್ತಾರೆ, ಭೂಮಾಪನದವರು ಸಮುದ್ರದ ಸರಾಸರಿ ಮಟ್ಟದಿಂದ. ಅದಕ್ಕೇ ನಕ್ಷೆಗಳು ಹೊಂದುತ್ತಿರಲಿಲ್ಲ.

"ನಿಮ್ಮ ಸೊನ್ನಿ ಬ್ಯಾರೆ, ನಮ್ಮ ಸೊನ್ನಿ ಬ್ಯಾರೆ ಅಂದ್ರ ಹೆಂಗ್ರಿ ಮೇಡಂ?" ಎಂದರು ಭೂಮಾಪನದವರು.

"ಸೊನ್ನಿಗೂ ಜಾತಿ ಬಂತ ನೋಡ್ರಿ" ಎಂದು ನೀರಾವರಿಯವರು ನಕ್ಕರು.

ಎಣಗಾಯಿ ಪಲ್ಯ ಖಾಲಿಯಾಗುವಷ್ಟರಲ್ಲಿ ಮೂವರೂ ಒಂದೇ ಸೊನ್ನೆಗೆ ಒಪ್ಪಿದ್ದರು. ಉಳಿದದ್ದು ಒಂದೇ ಓಣಿ. ಲೆಕ್ಕದ ಪ್ರಕಾರ ಅಲ್ಲಿ ನೀರು ಬರಬೇಕು, ಅಲ್ಲಿಯ ಜನ ಬರುವುದಿಲ್ಲ ಎಂದಿದ್ದಾರೆ.

"ಜನಾನ ಇಲ್ಲ ಅಂತಾರ, ತಗದಬಿಡೂಣು" ಎಂದರು ನೀರಾವರಿಯವರು. "ಒಡ್ಡು ಮೀನ ಮಾರ್ಕೆಟ್‌ತನಕ ಸಾಕು." ಒಡ್ಡು ಅಲ್ಲಿಗೇ ನಿಂತರೆ ಅದು ತಡೆದ ನೀರು ಆಚೆಯ ಓಣಿಗೇ ನುಗ್ಗುತ್ತದೆ ಎಂದು ತಿಳಿಯಲು ನನಗೆ ನಕ್ಷೆ ಬೇಕಿರಲಿಲ್ಲ.

ಯಜಮಾನರು ಬಗ್ಗಿ ನೋಡಿ ಮುಖ ಅರಳಿಸಿದರು. "ಅಯ್ಯ, ಇದು ನಮ್ಮಾಕಿ ತವರುಮನಿ ಓಣಿ ಅಲ್ರೀ! ಸ್ವತಃ ನಾನ ಎಷ್ಟ ಸಲ ಹೋಗೇನಿ. ಒಣಾ ಒಣ ಅದ."

ಕೈಯಲ್ಲಿ ರೊಟ್ಟಿಯ ತಟ್ಟೆ ಇತ್ತು. ಕಾನ್ವೆಂಟಿನಲ್ಲಿ ಕಲಿಸಿದಂತೆ ಎಡಗಡೆಯಿಂದ ಬಡಿಸಲು ಬಾಗಿದ್ದೆ. ಬಾಗಿದಂತೆಯೇ ಹೇಳಿದೆ.

"ಬರ್ತದ್ರಿ."

"ಏನ ಬರ್ತದ?" ಎಂದರು ಯಜಮಾನರು.

"ನೀರು."

ಎಲ್ಲರೂ ನನ್ನ ಕಡೆ ನೋಡಿದರು. ಮೇಡಂ ಎಷ್ಟು ಎತ್ತರ ಎಂದು ಮೆಲ್ಲಗೆ ಕೇಳಿದರು. ಒಮ್ಮೆ ಮೊಣಕಾಲು ತೋರಿಸಿದೆ, ಆಮೇಲೆ ಇನ್ನೂ ಸ್ವಲ್ಪ ಮೇಲೆ. ಖರೇ ಎಷ್ಟೆಂದು ನನಗೇ ಗೊತ್ತಿರಲಿಲ್ಲ. ನೀರು ಬಂದಾಗಲೆಲ್ಲ ನಾನು ಅದನ್ನು ನೋಡದಿರಲು ಪ್ರಯತ್ನಿಸಿದವಳು.

"ಅಲ್ಲೇ ಇರೋರು ಹೇಳಿದ್ರ ಛಲೋ ಇತ್ತು" ಎಂದರು ಭೂಮಾಪನದವರು. ಯಜಮಾನರು ನನ್ನ ಅಣ್ಣನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಚಟ್ನಿಯ ಬಟ್ಟಲಿನ ಪಕ್ಕ ಇಟ್ಟರು.

"ನಮಸ್ಕಾರ ಭಾವ! ಹುಬ್ಬಳ್ಳಿಯವರು ಬಂದಿದ್ರಾ?"

"ಅಲ್ರೀ, ನಿಮ್ಮ ಮನಿಗೆ ಮಳಿಗಾಲದಾಗ ನೀರು ಬರ್ತದೇನ್ರಿ?"

"ನೀರಾ?" ಅಣ್ಣನ ದನಿ ಏರಿತು. ಹೆಣ್ಣಿನ ಕಡೆಯವರು ಪಕ್ಕದಲ್ಲೇ ಕೂತಿದ್ದಾರೆಂದು ಅವನು ಅಂದುಕೊಂಡಿದ್ದ. "ಎಂತ ನೀರು ಭಾವ! ನಮ್ಮನೆ ಮೆಟ್ಲು ಸಹ ನೆನೆಯೂದಿಲ್ಲ. ಬೇಕಾದ್ರೆ ಬಂದು ನೋಡ್ಲಿ!"

ನೀರಾವರಿಯವರು ತಲೆ ತಗ್ಗಿಸಿ ರೊಟ್ಟಿ ಮುರಿದರು. ಅಣ್ಣ ಸುಳ್ಳು ಹೇಳಿದನೆಂದು ನನಗೆ ನಾಚಿಕೆಯಾಗಲಿಲ್ಲ. ಆ ಸುಳ್ಳನ್ನು ಅವನು ಎಷ್ಟು ಅಚ್ಚುಕಟ್ಟಾಗಿ ಹೇಳಿದ, ಎಷ್ಟು ರೂಢಿಯಾಗಿತ್ತು ನಮಗೆಲ್ಲ ಅದು, ನಾಚಿಕೆಯಾದದ್ದು ಅದಕ್ಕೆ.

"ಅಣ್ಣಾ" ಎಂದೆ. "ಇವರು ಹುಡುಗಿ ಕಡೆಯವರಲ್ಲ, ನಕ್ಷೆಯವರು. ನಾನು ಹೇಳಿಬಿಟ್ಟೆ."

ಆ ಕಡೆ ಯಾವುದೋ ಎಂಜಿನ್ ಗುರ್ರೆಂದು ನಿಂತಿತು.

"ಎಲ್ಲಾರೂ ಕೇಳ್ತಾ ಇದ್ದಾರಾ?"

"ಹೌದು."

"ದೇವರ ಕೋಣೆಗೂ ಬರ್ತದೆ" ಎಂದ ಅಣ್ಣ, ಬಹಳ ಸಣ್ಣ ದನಿಯಲ್ಲಿ. "ಹೋದ ವರ್ಷ ಅಕ್ಕಿ ಡಬ್ಬ ತೇಲಿತ್ತು. ಬರ್ಕೊಳ್ಳಿ." ಇಡುತ್ತೇನೆ ಎಂದೂ ಹೇಳದೆ ಫೋನ್ ಇಟ್ಟುಬಿಟ್ಟ.

ಭೂಮಾಪನದವರು ನಕ್ಷೆಯ ಅಂಚಿನಲ್ಲಿ ಬರೆದುಕೊಂಡರು. ಮೇಡಂ ತಮ್ಮ ತಟ್ಟೆಯಲ್ಲಿ ಚಟ್ನಿ ಇನ್ನೂ ಇದ್ದಾಗಲೇ, "ಅಕ್ಕಾರ, ಒಂಚೂರು ಚಟ್ನಿ ಹಾಕ್ರಿ" ಎಂದರು. ಆ ಉಪಕಾರವನ್ನು ನಾನು ಮರೆತಿಲ್ಲ. ಬಟ್ಟಲು ಎತ್ತಿದೊಡನೆ ನಕ್ಷೆಯ ಮೂಲೆ ಮಡಚಿಕೊಂಡಿತು.

ಅವರೆಲ್ಲ ಹೋದ ಮೇಲೆ ಯಜಮಾನರು ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತ, "ಒಣಾ ಒಣ ಅದ ಅಂತ ಎಲ್ಲಾರ ಮುಂದ ಹೇಳಿದ್ನಲ್ಲ ನಾನು" ಎಂದರು. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು. ನಾನು ನಲ್ಲಿ ಜೋರಾಗಿ ಬಿಟ್ಟು ಪಾತ್ರೆ ತೊಳೆಯತೊಡಗಿದೆ.

ಮರುವಾರ ಹುಬ್ಬಳ್ಳಿಗೆ ಹೋಗಿ ಹುಡುಗಿಯ ತಾಯಿಗೆ ಎಲ್ಲ ಹೇಳಿದೆ. ಬೇರೆಯವರಿಂದ ತಿಳಿಯುವುದು ಬೇಡವೆನಿಸಿತ್ತು. ಅವರು ನನ್ನ ಮುಂದೆ ಚಹಾ ಇಟ್ಟು, ಲೋಟ ಬಿಸಿ ಇದೆ ಎಂದು ಕೆಳಗೊಂದು ಬಸಿ ಕೊಟ್ಟು, ಎಲ್ಲವನ್ನೂ ಕೇಳಿ, "ಹೌದೇನ್ರಿ... ನೋಡೂಣ್ರಿ" ಎಂದರು. ಇಷ್ಟು ವರ್ಷ ಈ ಕಡೆ ಬಾಳಿದ ನನಗೆ ಆ "ನೋಡೂಣ್ರಿ" ಗೊತ್ತಿತ್ತು. ಅವರು ಮತ್ತೆ ಫೋನ್ ಮಾಡಲಿಲ್ಲ. ಅಣ್ಣನೂ ಮಾಡಲಿಲ್ಲ.

ಹೊಸ ನಕ್ಷೆಯಲ್ಲಿ ನಮ್ಮ ಓಣಿಗೂ ನೀಲಿ ಬಣ್ಣ ಬಂತು, ಒಡ್ಡಿನ ಗೆರೆ ಓಣಿಯ ಕೊನೆಯವರೆಗೂ ಉದ್ದವಾಯಿತು. ಯಜಮಾನರು ತಂದು ತೋರಿಸಿದಾಗ, ಚೆನ್ನಾಗಿದೆ ಎಂದೆ. ಒಡ್ಡು ಎಂದು ಕಟ್ಟುತ್ತಾರೋ ಗೊತ್ತಿಲ್ಲ.

ಮಳೆ ಹಿಡಿದ ಮೇಲೆ ಅಣ್ಣನ ಫೋನ್ ಬಂತು. ಹುಬ್ಬಳ್ಳಿಯ ಸುದ್ದಿ ಎತ್ತಲಿಲ್ಲ. "ಮೂರೂ ಕಚೇರಿಯವರು ಒಟ್ಟಿಗೇ ಬಂದು ಗೋಡೆ ಅಳೆದ್ರು. ಉಪ್ಪಿನ ಗೆರೆ ಹಾಗೇ ಇರ್ಲಿ, ಈ ಸಲ ಸುಣ್ಣ ಬಳಿಬೇಡಿ ಅಂದ್ರು. ಚೌತಿಗೆ ಬಂದವರೆಲ್ಲ ನೋಡೂದೇ, ಏನ್ ಮಾಡೂದು?"

ಯಜಮಾನರು ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದರು. "ಈ ಸಲ ಚೌತಿಗೆ ನಾನೂ ಬರ್ತೇನಿ" ಎಂದರು.

"ದಾರಿ..." ಎಂದು ನನ್ನ ಬಾಯಿ ತಾನಾಗಿಯೇ ಶುರುಮಾಡಿತು.

"ಕೆಟ್ಟಿರ್ತದ. ಗೊತ್ತದ."

ನಾನು ಒಳಗೆ ಹೋಗಿ ಮಂಚದ ಕೆಳಗಿನಿಂದ ಅವರ ಹಳೆಯ ರಬ್ಬರ್ ಚಪ್ಪಲಿ ತೆಗೆದೆ, ಒರೆಸಿದೆ, ಹಳೆಯ ಪೇಪರಿನಲ್ಲಿ ಸುತ್ತಿ ಊರಿಗೆ ಒಯ್ಯುವ ಚೀಲದ ತಳಕ್ಕೆ ಹಾಕಿದೆ. ಆ ಗೋಡೆಯ ಮುಂದೆ ಅವರ ಪಕ್ಕದಲ್ಲಿ ನಿಲ್ಲುವುದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಚಪ್ಪಲಿಯನ್ನು ಮಾತ್ರ ಹೊರಗೆ ತೆಗೆದಿಲ್ಲ.