ಶ್ರಾವಣದಲ್ಲಿ ಆರಿಸಿದ ಕನ್ವರ್ಟರ್

ನನ್ನ ಎಡಗಾಲು ಕ್ಲಚ್ ತುಳಿಯುವುದಿಲ್ಲ. ಚಿಕ್ಕಂದಿನಲ್ಲಿ ಮುರಿದ ಮಂಡಿ ಸರಿಯಾಗಿ ಕೂಡಲಿಲ್ಲ. ಹೀಗಾಗಿ ಗಡಹಿಂಗ್ಲಜದಿಂದ ಕೊಲ್ಲಾಪುರದ ಕಾಲೇಜಿಗೆ ನಾನು ದಿನಾ ಓಡಿಸುವುದು ಒಂದು ಹಳೆಯ ಪೆಟ್ರೋಲ್ ಕಾರು, ಆಟೋಮ್ಯಾಟಿಕ್. ಅಲ್ಲಿ ಇತಿಹಾಸ ಕಲಿಸುತ್ತೇನೆ. ಸಾಕ್ಷ್ಯವಿಲ್ಲದೆ ಯಾರ ಮಾತನ್ನೂ ನಂಬಬೇಡಿ ಎಂದು ಹುಡುಗರಿಗೆ ಹೇಳುತ್ತೇನೆ.

ಏರಿನಲ್ಲಿ ಆ ಕಾರು ಕೆಸರಿನಿಂದ ಎಮ್ಮೆ ಎದ್ದ ಹಾಗೆ ಏಳುತ್ತಿತ್ತು. ಮದ್ದು ಕನ್ವರ್ಟರ್‌ನಲ್ಲಿದೆ ಎಂದು ಹೇಳಿದವನು ನನ್ನ ಸೋದರಮಾವನ ಮಗ. ಶಿರೋಳಿಯ ಫೌಂಡ್ರಿಗಳ ನಡುವೆ ಅವನದು ಗೇರ್‌ಬಾಕ್ಸ್ ಅಂಗಡಿ. ನಾನು ಅವನನ್ನು ಮಾವ ಎನ್ನುತ್ತೇನೆ, ಅವನು ನನ್ನನ್ನು ಅಳಿಯ ಎನ್ನುತ್ತಾನೆ. ಹಾಗೆ ಕರೆದುಕೊಳ್ಳುವವರಿಗೆ ನಮ್ಮಲ್ಲಿ ಒಬ್ಬರನ್ನೊಬ್ಬರು ಅಣಕಿಸುವ ಹಕ್ಕೂ ಇದೆ.

ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ, ಎಣ್ಣೆಯೊಳಗೆ ಎದುರುಬದುರು ಕೂತ ಎರಡು ಫ್ಯಾನುಗಳು. ಒಂದು ತಿರುಗಿ ಎಣ್ಣೆ ತಳ್ಳಿದರೆ ಇನ್ನೊಂದು ತಿರುಗುತ್ತದೆ. ಕನ್ವರ್ಟರ್ ಎಂದರೆ ಇಷ್ಟೇ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗತೊಡಗಿದ ಮೇಲೆ ಅದು ಗಾಡಿಯನ್ನು ಬಲವಾಗಿ ಹಿಡಿಯಬೇಕು ಎಂಬುದೇ ಆರಿಸುವಾಗಿನ ಪ್ರಶ್ನೆ. ಹೆಚ್ಚು ಸುತ್ತಿನದಾದರೆ ಗಾಡಿ ಜಿಗಿಯುತ್ತದೆ. ಆದರೆ ಮೆಲ್ಲಗೆ ಹೋಗುವಾಗ ಎಣ್ಣೆ ಸುಮ್ಮನೆ ಕಡೆದು ಕಡೆದು ಕುದಿಯುತ್ತದೆ.

ಶ್ರಾವಣದ ಒಂದು ಬೆಳಿಗ್ಗೆ. ಅವನ ಅಂಗಡಿಯ ಬೆಂಚಿನ ಮೇಲೆ ಎರಡು ಕನ್ವರ್ಟರ್ ಇದ್ದವು. "ನಿನ್ನ ಗಾಡೀದು ಸಾವಿರದ ಎಂಟನೂರಕ್ಕ ಹಿಡಿತೈತಿ. ಇದು ಎರಡು ಸಾವಿರದ ಎರಡನೂರು, ಅದು ಎರಡು ಸಾವಿರದ ಎಂಟನೂರು. ದಿನಾ ಹ್ಯಾಂಗ ಓಡಸ್ತಿ, ಖರೇ ಹೇಳ," ಎಂದ.

"ರೋಡ್ ಖಾಲಿ ಇರತೈತಿ ಮಾವಾ. ಒಮ್ಮೆ ಎದ್ದರ ಸೀದಾ ಕೊಲ್ಲಾಪುರ."

ಇಷ್ಟು ನಾನೇ ಹೇಳಿದ್ದು ಖಚಿತ. ಅದರ ಮುಂದೆ ನನ್ನ ಕಿವಿಯಲ್ಲಿ ಉಳಿದದ್ದು ಅವನ ಧ್ವನಿ: "ಹಂಗಾರ ದೊಡ್ಡದ ತಗೋ ಅಳಿಯಾ, ಹುಲಿ ಆಕ್ಕೈತಿ."

ರಸ್ತೆ ಖಾಲಿ ಇದ್ದದ್ದು ಸಕ್ಕರೆ ಕಾರ್ಖಾನೆಗಳು ಮಳೆಗಾಲಕ್ಕೆ ಮುಚ್ಚಿದ್ದರಿಂದ. ಕಬ್ಬಿನ ಸೀಮೆಯಲ್ಲೇ ಹುಟ್ಟಿ ಬೆಳೆದವನು ನಾನು. ಶ್ರಾವಣದ ರಸ್ತೆಯನ್ನು ನೋಡಿ ಇಡೀ ವರ್ಷಕ್ಕೆ ಉತ್ತರ ಕೊಟ್ಟಿದ್ದೆ.

ಎರಡು ಸಾವಿರದ ಎಂಟುನೂರರದನ್ನೇ ಹಾಕಿಸಿದೆ. ದೀಪಾವಳಿಯವರೆಗೆ ಕಾರು ನಿಜಕ್ಕೂ ಜಿಗಿಯಿತು. ಆಮೇಲೆ ಕಬ್ಬಿನ ಹಂಗಾಮು ಶುರುವಾಯಿತು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ, ಅವುಗಳ ಹಾಡಿನ ಅಬ್ಬರ ಕೇಳುತ್ತಾ, ನಡಿಗೆಯ ವೇಗದಲ್ಲಿ ಗಂಟೆಗಟ್ಟಲೆ ತೆವಳಿದೆ. ಎಂಜಿನ್ ಕೂಗುತ್ತಿತ್ತು, ಗಾಡಿ ಸರಿಯುತ್ತಿರಲಿಲ್ಲ. ಮಾಘದ ಹೊತ್ತಿಗೆ ಸುಟ್ಟ ಎಣ್ಣೆಯ ವಾಸನೆ. ಆಮೇಲೆ ಒಂದು ದಿನ ಕಾರು ರಸ್ತೆ ಬದಿಯಲ್ಲಿ ನಿಂತೇಬಿಟ್ಟಿತು. ಮಂಡಿ ಹಿಡಿದುಕೊಂಡು ಎಸ್‌ಟಿ ಬಸ್ಸಿನ ಮೆಟ್ಟಿಲು ಹತ್ತಿದೆ.

ಅದೇ ವಾರ ನೇಸರಿಯಲ್ಲಿ, ಅಕ್ಕನ ಮೊಮ್ಮಗನ ಜಾವಳ, ಮೊದಲ ಕೂದಲು ತೆಗೆಸುವ ಶಾಸ್ತ್ರ. ಪಂಕ್ತಿಯಲ್ಲಿ ಕೂತ ಬೀಗರಲ್ಲಿ ಅರ್ಧ ಜನರ ಗಾಡಿಗಳು ಮಾವನ ಅಂಗಡಿಗೇ ಹೋಗುತ್ತಿದ್ದವು. ಯಾರೋ ಕಾರು ಎಲ್ಲಿ ಎಂದು ಕೇಳಿದರು.

"ನಮ್ಮ ಮಾವ ಹುಲಿ ಮಾಡಿ ಕೊಟ್ಟಾನ್ರಿ. ಹುಲಿ ಮಲಗೇತಿ," ಎಂದೆ. ಎಲ್ಲರೂ ನಕ್ಕರು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ತನಗ ತಿಳೀಲಾರದ್ದನ್ನ ಮಂದಿ ಗಾಡ್ಯಾಗ ಕೂಡಸ್ತಾನ," ಎಂದೆ.

ಎದುರು ಸಾಲಿನಲ್ಲಿ ಕೂತಿದ್ದ ಮಾವ ಅನ್ನ ಕಲಸುವುದನ್ನು ಬಿಟ್ಟ. "ಒಳಗ ಬರದೈತಿ ಅಳಿಯಾ. ನಿನ್ನ ಕೈಲೇ ಬರಸೇನಿ. ಬಿಚ್ಚಿ ನೋಡ."

ಅದು ಅವನ ಅಂಗಡಿಯ ರೂಢಿ. ಗೇರ್‌ಬಾಕ್ಸ್ ಕೂಡಿಸುವ ಮೊದಲು ಕನ್ವರ್ಟರ್ ಕೂರುವ ಗೂಡಿನ ಒಳಗೋಡೆಯ ಮೇಲೆ, ಗಿರಾಕಿ ಏನು ಕೇಳಿದನೋ ಅದನ್ನು ಗಿರಾಕಿಯ ಕೈಯಿಂದಲೇ ಬಿಳಿ ಬಣ್ಣದಲ್ಲಿ ಬರೆಸುತ್ತಾನೆ. ಅಲ್ಲಿಗೆ ಎಣ್ಣೆ ತಾಗುವುದಿಲ್ಲ. ನಾನು ಬರೆದಿರಲಿಲ್ಲ. ಆ ದಿನ ಅವಸರದಲ್ಲಿದ್ದೆ, ಬರೆಯದೆ ಹೊರಟಿದ್ದೆ. ಪಂಕ್ತಿಯ ಎದುರು ಹಾಗೆಂದು ಆಣೆ ಮಾಡಿದೆ.

ಕಾರನ್ನು ಅವನ ಕಡೆ ಒಯ್ಯಲಿಲ್ಲ. ಇಚಲಕರಂಜಿಯ ಇನ್ನೊಬ್ಬ ಮಿಸ್ತ್ರಿಯ ಹತ್ತಿರ ಎಳೆಸಿಕೊಂಡು ಹೋದೆ. ಗೇರ್‌ಬಾಕ್ಸ್ ಇಳಿಸಿ, ಕನ್ವರ್ಟರ್ ಹೊರಗೆಳೆದು, ಅವನು ಗೂಡಿನೊಳಗೆ ಬ್ಯಾಟರಿಯ ಬೆಳಕು ಬಿಟ್ಟ.

"ಸರ, ಇಲ್ಲಿ ಏನೋ ಬರದೈತ್ರಿ. ಕನ್ನಡ ಕಾಣಸ್ತೈತಿ. ನಮಗ ಮನ್ಯಾಗಿನ ಮಾತಷ್ಟ ಬರತೈತ್ರಿ, ಸಾಲಿ ಕಲ್ತದ್ದು ಮರಾಠ್ಯಾಗ. ಏನೈತಿ ಅದು?"

ಬಗ್ಗಿ ನೋಡಿದೆ. "ಮಾವ ಬ್ಯಾಡ ಅಂದ. ನನಗ ದೊಡ್ಡದಽ ಬೇಕು. ರೋಡ್ ಖಾಲಿ." ಮಾವ ನಗುತ್ತಾ ಹೇಳಿ ಬರೆಸಿದ ಹಾಗಿತ್ತು. ಅಕ್ಷರಗಳು ಬಲಕ್ಕೆ ವಾಲಿದ್ದವು, ನನ್ನವು ವಾಲುವ ಹಾಗೆ.

"ಗಾಡಿ ನಂಬರ್," ಎಂದೆ. ಮಿಸ್ತ್ರಿ ನಟ್ಟು ಬಿಚ್ಚುವ ಪಾನಾ ಹುಡುಕಲು ಆಚೆ ತಿರುಗಿದ. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆ ಅಲ್ಲೇ ಇತ್ತು. ಎರಡು ಸಲ ಒರೆಸಿದರೆ ಸಾಕಾಯಿತು.

ಗೇರ್‌ಬಾಕ್ಸಿನ ಸುಟ್ಟ ಪ್ಲೇಟುಗಳನ್ನು ಬದಲಿಸಿ, ಕಂಪನಿಯದೇ, ಮೊದಲಿದ್ದಂಥ ಕನ್ವರ್ಟರ್ ಹಾಕಿಸಿದೆ. ನನ್ನ ಕಾಲಿಗೂ ನಮ್ಮ ರಸ್ತೆಗೂ ಮೊದಲಿನಿಂದಲೂ ಸರಿಯಾಗಿದ್ದದ್ದು ಅದೇ.

ವಾರದ ನಂತರ ಮಾವನ ಫೋನು ಬಂತು. ಹಿಂದೆ ಸುತ್ತಿಗೆಯ ಸದ್ದಿಲ್ಲ; ಪಂಕ್ತಿಯಲ್ಲಿ ನನ್ನ ಮಾತು ಕೇಳಿದವರು ಅವನ ಅಂಗಡಿಗೆ ಗಾಡಿ ಒಯ್ಯುವುದನ್ನು ಬಿಟ್ಟಿದ್ದರು.

"ಬಿಚ್ಚಿಸಿದೇನು?"

"ಹೂಂ."

"ಏನರ ಇತ್ತು ಒಳಗ?"

"ಏನೂ ಇರಲಿಲ್ಲ ಮಾವಾ."

ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ಹಂಗಾರ ನಾನಽ ಮರತೇನಿ. ವಯಸ್ಸಾತಲ್ಲೋ ಅಳಿಯಾ. ಬರಸೇನಿ ಅಂತ ಕಣ್ಣಿಗಿ ಕಟ್ಟಿಧಂಗ ಐತಿ, ನೋಡ."

ಆ ಅಕ್ಷರಗಳು ನನ್ನವೇ ಆಗಿದ್ದವೇ ಎಂದು ಈಗ ನನಗೂ ಕೆಲವೊಮ್ಮೆ ಅನುಮಾನ ಬರುತ್ತದೆ. ನೋಡಿ ಖಚಿತಪಡಿಸಿಕೊಳ್ಳಲು ಏನೂ ಉಳಿದಿಲ್ಲ. ಮಾವನಿಗೆ ನನ್ನ ಮೇಲೆ ಅನುಮಾನವಿಲ್ಲ, ತನ್ನ ಮೇಲಿನ ನಂಬಿಕೆಯೇ ಹೋಗಿದೆ. ಉಳಿದ ನಾಲ್ಕು ಗಿರಾಕಿಗಳಿಂದ ಈಗ ಎರಡೆರಡು ಸಲ ಬರೆಸಿಕೊಳ್ಳುತ್ತಾನಂತೆ, ಒಮ್ಮೆ ಗೂಡಿನೊಳಗೆ, ಒಮ್ಮೆ ಅಂಗಡಿಯ ಗೋಡೆಯ ಮೇಲೆ.